ಒಂದೇ ಕಂಪ್ಯೂಟರಿನಲ್ಲಿ ಮನೆಯವರ ಇಮೇಲ್ ಬೆರೆತುಹೋದರೆ: ದೋಷ ಹುಡುಕುವುದು, ಬಿಡಿಸುವುದು

ಮಗಳ ಮೇಲ್‌ಗಳು ಅಪ್ಪನ ಇನ್‌ಬಾಕ್ಸ್‌ನಲ್ಲಿ ಕಾಣುತ್ತಿವೆ. ಅಮ್ಮ ಬರೆದ ಉತ್ತರ ಮಗನ ವಿಳಾಸದಿಂದ ಹೋಗಿದೆ. ನಿನ್ನೆಯವರೆಗೆ ಇದ್ದ ಮೇಲ್‌ಗಳು ಇವತ್ತು ಇಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದರೂ ತಪ್ಪು ಅನ್ನುತ್ತಿದೆ. ಮನೆಯವರೆಲ್ಲ ಒಂದೇ ಕಂಪ್ಯೂಟರ್ ಬಳಸುವಲ್ಲಿ ಕೇಳಿಬರುವ ದೂರುಗಳು ಬಹುಪಾಲು ಇವೇ.

ಎಲ್ಲರಿಗೂ ಬೇರೆ ಬೇರೆ ವಿಳಾಸ ಮಾಡಿಕೊಟ್ಟಿದ್ದೇವಲ್ಲ, ಮತ್ತೆ ಯಾಕೆ ಬೆರೆಯುತ್ತದೆ ಎಂಬ ಪ್ರಶ್ನೆ ಸಹಜ. ವಿಳಾಸ ಬೇರೆಯಾದರೆ ಸಾಲದು. ಇಮೇಲ್ ಮೂರು ಕಡೆ ಬೇರೆಯಾಗಿರಬೇಕು. ಮೊದಲನೆಯದು ಮೇಲ್ ಸೇವೆಯ ಸರ್ವರ್‌ನಲ್ಲಿ, ಅಂದರೆ ಸೇವೆ ಕೊಡುವವರ ಕಂಪ್ಯೂಟರಿನಲ್ಲಿ ಇರುವ ಮೇಲ್‌ಬಾಕ್ಸ್. ಎರಡನೆಯದು ಕಂಪ್ಯೂಟರಿನ ಯೂಸರ್ ಅಕೌಂಟ್, ಅಂದರೆ ಕಂಪ್ಯೂಟರ್ ಆನ್ ಮಾಡಿದಾಗ ಹೆಸರು ಆರಿಸಿ ಒಳಗೆ ಹೋಗುವ ಲಾಗಿನ್. ಮೂರನೆಯದು ಆ ಲಾಗಿನ್ ಒಳಗೆ ನಡೆಯುವ ಬ್ರೌಸರ್ ಅಥವಾ ಮೇಲ್ ಆ್ಯಪ್‌ನ ಪ್ರೊಫೈಲ್. ಎಷ್ಟೋ ಮನೆಗಳಲ್ಲಿ ಮೊದಲನೆಯದನ್ನು ಮಾತ್ರ ಬೇರೆ ಮಾಡಿ, ಉಳಿದೆರಡನ್ನು ಹಾಗೇ ಬಿಟ್ಟಿರುತ್ತಾರೆ. ಆದ್ದರಿಂದ ದೋಷ ಹುಡುಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಬ್ಬರ ಮೇಲ್ ಈ ಮೂರರಲ್ಲಿ ಎಲ್ಲಿ ಒಂದಾಗಿದೆ? ಜಾಗ ಗೊತ್ತಾದರೆ ಸರಿಪಡಿಸುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಗೊತ್ತಾಗದೆ ಅಕೌಂಟ್ ತೆಗೆದು ಹಾಕುವುದು, ಆ್ಯಪ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು ಶುರುವಾದರೆ ಇದ್ದ ಮೇಲ್‌ಗಳೂ ಹೋಗುವ ಅಪಾಯವಿದೆ.

ಯಾವುದನ್ನೂ ಮುಟ್ಟುವ ಮೊದಲು

ಮೇಲ್ ಆ್ಯಪ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು, ಪ್ರತಿ ಅಕೌಂಟಿನ ಪಕ್ಕದಲ್ಲಿ ಐಮ್ಯಾಪ್ ಎಂದಿದೆಯೋ ಪಾಪ್ ಎಂದಿದೆಯೋ ನೋಡಿ ಬರೆದಿಟ್ಟುಕೊಳ್ಳಿ. ಐಮ್ಯಾಪ್ ಆದರೆ ಮೇಲ್‌ಗಳು ಸರ್ವರ್‌ನಲ್ಲೇ ಇರುತ್ತವೆ, ನಿಮ್ಮ ಕಂಪ್ಯೂಟರಿನಲ್ಲಿ ಕಾಣುವುದು ಅವುಗಳ ನಕಲು. ಪಾಪ್ ಆದರೆ ಮೇಲ್‌ಗಳು ಇಳಿದು ಬಂದು, ಸರ್ವರ್‌ನಿಂದ ಅಳಿಸಿಹೋಗಿ, ಈ ಒಂದು ಕಂಪ್ಯೂಟರಿನಲ್ಲಿ ಮಾತ್ರ ಉಳಿದಿರಬಹುದು. ಪಾಪ್ ಅಕೌಂಟ್ ಒಂದಾದರೂ ಇದ್ದರೆ, ಮುಂದಿನ ಯಾವ ಹೆಜ್ಜೆಗೂ ಮುಂಚೆ ಆ್ಯಪ್ ಮುಚ್ಚಿ, ಅದರ ಫೋಲ್ಡರನ್ನು ಪೆನ್‌ಡ್ರೈವ್‌ಗೋ ಬೇರೆ ಡಿಸ್ಕಿಗೋ ಕಾಪಿ ಮಾಡಿಡಿ. ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪ್‌ನದು ವಿಂಡೋಸ್‌ನಲ್ಲಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆ್ಯಪ್‌ಡೇಟಾ, ರೋಮಿಂಗ್, ಥಂಡರ್‌ಬರ್ಡ್, ಪ್ರೊಫೈಲ್ಸ್ ಎಂಬ ದಾರಿಯಲ್ಲಿದೆ. ಆ್ಯಪ್‌ಡೇಟಾ ಸಾಮಾನ್ಯವಾಗಿ ಮರೆಯಾಗಿರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿದರೆ ಕಾಣುತ್ತದೆ. ಹಳೆಯ ಔಟ್‌ಲುಕ್ ಆದರೆ ಅಕೌಂಟ್ ಸೆಟ್ಟಿಂಗ್ಸ್‌ನ ಡೇಟಾ ಫೈಲ್ಸ್ ಟ್ಯಾಬ್‌ನಲ್ಲಿ ಫೈಲ್ ಎಲ್ಲಿದೆ ಎಂದು ತೋರಿಸುತ್ತದೆ. ಹೆಸರು ಪಿಎಸ್‌ಟಿ ಎಂದು ಮುಗಿದಿದ್ದರೆ ಅದನ್ನು ಜೋಪಾನ ಮಾಡಲೇಬೇಕು. ಓಎಸ್‌ಟಿ ಎಂದಿದ್ದರೆ ಅದು ಸರ್ವರ್‌ನ ನಕಲು, ಸರ್ವರ್‌ನಿಂದ ಮತ್ತೆ ಇಳಿಯುತ್ತದೆ.

ಮೊದಲ ಪರೀಕ್ಷೆ: ಸರ್ವರ್‌ನಲ್ಲೋ, ಕಂಪ್ಯೂಟರಿನಲ್ಲೋ?

ಬ್ರೌಸರ್‌ನಲ್ಲಿ ಪ್ರೈವೇಟ್ ವಿಂಡೋ ತೆರೆಯಿರಿ. ಕ್ರೋಮ್‌ನಲ್ಲಿ ಇದಕ್ಕೆ ಇನ್‌ಕಾಗ್ನಿಟೋ ಎನ್ನುತ್ತಾರೆ. ಯಾರ ಮೇಲ್ ಬೆರೆತಿದೆ ಎಂಬ ದೂರಿದೆಯೋ ಅವರೊಬ್ಬರೇ, ತಮ್ಮ ಪೂರ್ತಿ ವಿಳಾಸ ಮತ್ತು ಪಾಸ್‌ವರ್ಡನ್ನು ಕೈಯಾರೆ ಟೈಪ್ ಮಾಡಿ ಲಾಗಿನ್ ಆಗಲಿ. ಈ ಕಿಟಕಿಗೆ ಹಳೆಯ ಕುಕೀಗಳು, ಅಂದರೆ ಯಾರು ಲಾಗಿನ್ ಆಗಿದ್ದರು ಎಂದು ನೆನಪಿಡಲು ಬ್ರೌಸರ್ ಉಳಿಸಿಟ್ಟ ಗುರುತುಗಳು, ಗೊತ್ತಿರುವುದಿಲ್ಲ, ಹಾಗಾಗಿ ಕಾಣುವುದು ಸರ್ವರ್‌ನಲ್ಲಿ ನಿಜವಾಗಿ ಇರುವುದೇ.

ಅಲ್ಲಿ ಅವರ ಮೇಲ್ ಮಾತ್ರ ಇದ್ದರೆ ಮೇಲ್‌ಬಾಕ್ಸ್ ಸರಿಯಾಗಿದೆ, ದೋಷ ಕಂಪ್ಯೂಟರಿನಲ್ಲಿದೆ. ಅಲ್ಲಿಯೂ ಇನ್ನೊಬ್ಬರ ಮೇಲ್ ಇದ್ದರೆ ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ.

ಸರ್ವರ್‌ನಲ್ಲೇ ಬೆರೆತಿದ್ದರೆ ನೋಡಬೇಕಾದ ಜಾಗಗಳು ಕೆಲವೇ. ಆ ಇನ್ನೊಬ್ಬರ ಜಿಮೇಲ್ ಸೆಟ್ಟಿಂಗ್ಸ್‌ನ 'ಫಾರ್ವರ್ಡಿಂಗ್' ಟ್ಯಾಬ್‌ನಲ್ಲಿ ಮೇಲ್‌ಗಳು ಬೇರೊಂದು ವಿಳಾಸಕ್ಕೆ ಹೋಗುವಂತೆ ಯಾರಾದರೂ ಮಾಡಿಟ್ಟಿದ್ದಾರೆಯೇ ನೋಡಿ. 'ಫಿಲ್ಟರ್ಸ್' ಟ್ಯಾಬ್‌ನಲ್ಲೂ ಫಾರ್ವರ್ಡ್ ಮಾಡುವ ನಿಯಮ ಅಡಗಿರಬಹುದು. ಇದು ಸುಲಭವಾಗಿ ಕಣ್ಣು ತಪ್ಪುತ್ತದೆ. 'ಅಕೌಂಟ್ಸ್' ಟ್ಯಾಬ್‌ನಲ್ಲಿ ಇನ್ನೊಬ್ಬರಿಗೆ ಈ ಮೇಲ್‌ಬಾಕ್ಸ್ ನೋಡುವ ಅನುಮತಿ ಕೊಟ್ಟಿದ್ದರೆ ಅದೂ ಗೊತ್ತಾಗುತ್ತದೆ.

ಇನ್ನೊಂದು ಸಾಧ್ಯತೆಯಿದೆ: ಬೇರೆ ವಿಳಾಸ ಎಂದುಕೊಂಡಿದ್ದು ಬೇರೆಯೇ ಆಗಿರುವುದಿಲ್ಲ. ಜಿಮೇಲ್‌ನಲ್ಲಿ ಹೆಸರಿನ ಮಧ್ಯೆ ಚುಕ್ಕಿ ಇಟ್ಟರೂ ಬಿಟ್ಟರೂ ಅದು ಒಂದೇ ಮೇಲ್‌ಬಾಕ್ಸ್. ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಹಾಕಿ ಮಗನ ಹೆಸರು ಸೇರಿಸಿದರೂ ಮೇಲ್ ಬಂದು ಬೀಳುವುದು ಮೂಲ ವಿಳಾಸದವರ ಪೆಟ್ಟಿಗೆಗೇ. ಹೀಗೆ ಮಾಡಿಕೊಟ್ಟ ವಿಳಾಸವನ್ನು ಮಗ ಎಲ್ಲೆಲ್ಲಿ ಕೊಟ್ಟಿದ್ದಾನೋ ಅಲ್ಲೆಲ್ಲ ನಿಜವಾದ ಹೊಸ ವಿಳಾಸವನ್ನು ಕೊಡಿಸುವುದೊಂದೇ ದಾರಿ.

ಎಲ್ಲರಿಗೂ ಒಂದೇ ಇನ್‌ಬಾಕ್ಸ್ ತೆರೆಯುತ್ತಿದೆ

ಮೇಲ್‌ಬಾಕ್ಸ್ ಸರಿಯಾಗಿದೆ, ಕಂಪ್ಯೂಟರಿನಲ್ಲಿ ಮಾತ್ರ ಬೆರೆತಿದೆ ಎಂದಾದರೆ ಮೊದಲು ನೋಡಬೇಕಾದ್ದು ಮನೆಯವರೆಲ್ಲ ಒಂದೇ ವಿಂಡೋಸ್ ಲಾಗಿನ್ ಬಳಸುತ್ತಿದ್ದಾರೆಯೇ ಎಂಬುದು. ಸ್ಟಾರ್ಟ್ ಮೆನುವಿನ ಕೆಳಗೆ ಕಾಣುವ ಹೆಸರು ಯಾರು ಕೂತಾಗಲೂ ಒಂದೇ ಆಗಿದ್ದರೆ, ಮೇಲ್ ಆ್ಯಪ್‌ನ ಮಟ್ಟಿಗೆ ಆ ಕಂಪ್ಯೂಟರ್ ಬಳಸುವವರು ಒಬ್ಬರೇ. ಯಾರ ಅಕೌಂಟ್ ಸೇರಿಸಿದರೂ ಎಲ್ಲವೂ ಅದೇ ಕಿಟಕಿಯಲ್ಲಿ ಕಾಣುತ್ತವೆ.

ಇಲ್ಲಿ ಒಂದು ಹಳೆಯ ಅಭ್ಯಾಸವೂ ಕಾರಣವಾಗಿರಬಹುದು. ವಿಂಡೋಸ್ ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ 'ಐಡೆಂಟಿಟಿ' ಎಂಬ ಸೌಲಭ್ಯವಿತ್ತು. ಒಂದೇ ಲಾಗಿನ್ ಒಳಗೆ ಅಪ್ಪ, ಅಮ್ಮ, ಮಕ್ಕಳು ಹೆಸರು ಬದಲಿಸಿಕೊಂಡು ತಮ್ಮ ತಮ್ಮ ಮೇಲ್ ನೋಡಬಹುದಿತ್ತು. ವಿಸ್ಟಾ ಜೊತೆಗೆ ಬಂದ ವಿಂಡೋಸ್ ಮೇಲ್‌ನಲ್ಲೇ ಅದನ್ನು ಕೈಬಿಡಲಾಯಿತು. ಆಗ ಕಲಿತವರು ಈಗಲೂ ಆ್ಯಪ್ ಒಳಗೆ 'ಯೂಸರ್ ಬದಲಿಸು' ಗುಂಡಿ ಹುಡುಕುತ್ತಾರೆ. ಈಗ ಆ ಕೆಲಸವನ್ನು ಕಂಪ್ಯೂಟರಿನ ಲಾಗಿನ್ನಿಗೇ ಒಪ್ಪಿಸಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ಬದಲಾವಣೆ: ಮೇಲ್ ಜೊತೆಗೆ ಫೈಲ್‌ಗಳು, ಬ್ರೌಸರ್ ಇತಿಹಾಸ, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲವೂ ಒಟ್ಟಿಗೇ ಬೇರೆಯಾಗುತ್ತವೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆ್ಯಡ್ ಅಕೌಂಟ್ ಎಂದು ಹೋಗಿ. ಕಂಪ್ಯೂಟರ್ ಮೊದಲಿಗೇ ಮೈಕ್ರೋಸಾಫ್ಟ್ ಅಕೌಂಟಿನ ವಿಳಾಸ ಕೇಳುತ್ತದೆ. ಅದು ಬೇಡವಾದರೆ, ಈ ವ್ಯಕ್ತಿಯ ಸೈನ್-ಇನ್ ಮಾಹಿತಿ ನನ್ನ ಬಳಿ ಇಲ್ಲ ಎಂಬ ಸಾಲನ್ನು ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಯೂಸರ್ ಸೇರಿಸುವ ಸಾಲನ್ನು ಆರಿಸಿ. ಹೆಸರು, ಪಾಸ್‌ವರ್ಡ್, ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರ, ಇಷ್ಟನ್ನು ಆ ಲಾಗಿನ್ ಬಳಸುವವರೇ ಕೂತು ತುಂಬಲಿ. ಹೊಸ ಅಕೌಂಟ್ ತಾನಾಗಿ 'ಸ್ಟ್ಯಾಂಡರ್ಡ್' ಆಗಿರುತ್ತದೆ. ಹಾಗೇ ಇರಲಿ, ಎಲ್ಲರನ್ನೂ ಅಡ್ಮಿನಿಸ್ಟ್ರೇಟರ್ ಮಾಡಬೇಡಿ. ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ 'ಯೂಸರ್ಸ್ ಅಂಡ್ ಗ್ರೂಪ್ಸ್' ಎಂಬಲ್ಲಿ ಇದೇ ಕೆಲಸ ಆಗುತ್ತದೆ. ಲಿನಕ್ಸ್‌ನಲ್ಲೂ ಪ್ರತಿ ಯೂಸರ್‌ಗೆ ಪ್ರತ್ಯೇಕ ಹೋಮ್ ಫೋಲ್ಡರ್ ಇದ್ದು, ಮೇಲ್ ಅದರೊಳಗೇ ಉಳಿಯುತ್ತದೆ.

ಹೊಸ ಲಾಗಿನ್ ಆದ ಮೇಲೆ ಹಳೆಯ ಮೇಲ್‌ಗಳನ್ನು ತರುವುದು ಹೇಗೆ? ಐಮ್ಯಾಪ್ ಆದರೆ ಏನೂ ತರಬೇಕಿಲ್ಲ: ಹೊಸ ಲಾಗಿನ್ನಿನಲ್ಲಿ ಅಕೌಂಟ್ ಸೇರಿಸಿ, ಕಾಯಿರಿ, ಎಲ್ಲವೂ ಇಳಿದು ಬರುತ್ತದೆ. ಪಾಪ್ ಆದರೆ ನೀವು ಕಾಪಿ ಮಾಡಿಟ್ಟ ಪ್ರೊಫೈಲ್ ಫೋಲ್ಡರನ್ನು ಹೊಸ ಲಾಗಿನ್ನಿನ ಅದೇ ಜಾಗಕ್ಕೆ ಹಾಕಿ, ಥಂಡರ್‌ಬರ್ಡ್‌ನ ಹೆಲ್ಪ್ ಮೆನುವಿನಲ್ಲಿರುವ ಟ್ರಬಲ್‌ಶೂಟಿಂಗ್ ಪುಟದಿಂದ ಪ್ರೊಫೈಲ್ಸ್ ಪುಟಕ್ಕೆ ಹೋಗಿ ಆ ಫೋಲ್ಡರನ್ನು ಆರಿಸಬೇಕು. ಹೊಸ ಲಾಗಿನ್ ಮಗಳದಾದರೆ, ಅಲ್ಲಿ ಅವಳ ಅಕೌಂಟ್ ಉಳಿಸಿಕೊಂಡು ಉಳಿದವರದನ್ನು ತೆಗೆಯಿರಿ. ಅವಳು ಹೊಸ ಜಾಗದಲ್ಲಿ ತನ್ನ ಹಳೆಯ ಮೇಲ್‌ಗಳನ್ನು ತೆರೆದು ನೋಡಿ ಖಾತ್ರಿ ಮಾಡಿಕೊಂಡ ನಂತರವೇ ಹಳೆಯ ಲಾಗಿನ್ನಿನಿಂದ ಅವಳ ಅಕೌಂಟ್ ತೆಗೆಯುವುದು.

ಲಾಗಿನ್ ಬೇರೆಯಿದ್ದೂ, ಅಥವಾ ಒಬ್ಬರೇ ಎರಡು ವಿಳಾಸ ಇಟ್ಟುಕೊಂಡಿದ್ದು ಮೇಲ್ ಬೆರೆತಂತೆ ಕಂಡರೆ, ಅದು ತೋರಿಕೆ ಮಾತ್ರವೇ ಎಂದು ನೋಡಿ. ಥಂಡರ್‌ಬರ್ಡ್‌ನ ಫೋಲ್ಡರ್ ಪಟ್ಟಿಯ ಮೇಲ್ಭಾಗದ ಮೂರು ಚುಕ್ಕಿ ಒತ್ತಿದರೆ 'ಫೋಲ್ಡರ್ ಮೋಡ್ಸ್' ಸಿಗುತ್ತದೆ. ಅಲ್ಲಿ 'ಯೂನಿಫೈಡ್' ಎಂಬುದಕ್ಕೆ ಟಿಕ್ ಇದ್ದರೆ ಎಲ್ಲ ಅಕೌಂಟಿನ ಮೇಲ್‌ಗಳು ಒಂದೇ ಇನ್‌ಬಾಕ್ಸ್‌ನಂತೆ ಕಾಣುತ್ತವೆ. ಟಿಕ್ ತೆಗೆದು 'ಆಲ್ ಫೋಲ್ಡರ್ಸ್' ಆರಿಸಿದರೆ ಬೇರೆಯಾಗುತ್ತವೆ. ಮೇಲ್ ಮೊದಲೂ ಬೆರೆತಿರಲಿಲ್ಲ. ಪಾಪ್ ಅಕೌಂಟಿನ ವಿಷಯ ಬೇರೆ. ಅದರ ಸರ್ವರ್ ಸೆಟ್ಟಿಂಗ್ಸ್‌ನ 'ಅಡ್ವಾನ್ಸ್ಡ್' ಗುಂಡಿಯೊಳಗೆ, ಈ ಅಕೌಂಟಿನ ಮೇಲ್ ಯಾವ ಇನ್‌ಬಾಕ್ಸ್‌ಗೆ ಹೋಗಬೇಕು ಎಂಬ ಆಯ್ಕೆಯಿದೆ. ಅಲ್ಲಿ ಇನ್ನೊಬ್ಬರ ಇನ್‌ಬಾಕ್ಸ್ ಆರಿಸಿದ್ದರೆ ಮೇಲ್‌ಗಳು ನಿಜವಾಗಿಯೇ ಒಂದೇ ಫೈಲ್‌ನಲ್ಲಿ ಬೆರೆಯುತ್ತವೆ. ಸೆಟ್ಟಿಂಗ್ ಬದಲಿಸಿದರೆ ಮುಂದೆ ಬರುವ ಮೇಲ್ ಮಾತ್ರ ಸರಿಹೋಗುತ್ತದೆ. ಆಗಲೇ ಬೆರೆತದ್ದನ್ನು ವಿಳಾಸದ ಪ್ರಕಾರ ಹುಡುಕಿ, ಆರಿಸಿ, ಕೈಯಿಂದಲೇ ಸಾಗಿಸಬೇಕು.

ಬ್ರೌಸರ್‌ನಲ್ಲಿ ಜಿಮೇಲ್ ತೆರೆದರೆ ಇನ್ನೊಬ್ಬರದು ಬರುತ್ತದೆ

ಮೇಲ್ ಆ್ಯಪ್ ಬಳಸದೆ ಬ್ರೌಸರ್‌ನಲ್ಲೇ ಎಲ್ಲ ನಡೆಸುವವರು ಈಗ ಹೆಚ್ಚು. ಇಲ್ಲಿನ ಗೊಂದಲಕ್ಕೆ ಮುಖ್ಯ ಕಾರಣ ಒಂದೇ ಬ್ರೌಸರ್‌ನಲ್ಲಿ ಹಲವು ಗೂಗಲ್ ಅಕೌಂಟ್‌ಗೆ ಏಕಕಾಲಕ್ಕೆ ಲಾಗಿನ್ ಆಗಿರುವುದು. ಯಾರು ಮೊದಲು ಲಾಗಿನ್ ಆದರೋ ಅವರ ಅಕೌಂಟ್ ಡೀಫಾಲ್ಟ್ ಆಗುತ್ತದೆ. ಜಿಮೇಲ್ ತೆರೆದಾಗ ಅಡ್ರೆಸ್ ಬಾರ್ ಕಡೆ ಕಣ್ಣು ಹಾಯಿಸಿ: ವಿಳಾಸದ ಮಧ್ಯೆ 'ಯು' ಅಕ್ಷರ, ಒಂದು ಓರೆಗೆರೆ, ಆಮೇಲೆ ಒಂದು ಅಂಕಿ ಇರುತ್ತದೆ. 0 ಎಂದರೆ ಮೊದಲು ಲಾಗಿನ್ ಆದವರು, 1 ಎಂದರೆ ಎರಡನೆಯವರು. ಬುಕ್‌ಮಾರ್ಕ್‌ನಲ್ಲಿ 0 ಉಳಿದಿದ್ದರೆ ಅದು ಯಾವಾಗಲೂ ಮೊದಲನೆಯವರ ಮೇಲ್‌ಬಾಕ್ಸನ್ನೇ ತೆರೆಯುತ್ತದೆ. ಎಲ್ಲರೂ ಲಾಗೌಟ್ ಆಗಿ ಮತ್ತೆ ಬೇರೆ ಕ್ರಮದಲ್ಲಿ ಲಾಗಿನ್ ಆದರೆ ಅಂಕಿಗಳೂ ಅದಲುಬದಲು. ಅಮ್ಮನ ಬುಕ್‌ಮಾರ್ಕ್ ನಿನ್ನೆ ಸರಿಯಿದ್ದು ಇವತ್ತು ಮಗನ ಮೇಲ್ ತೋರಿಸುವುದಕ್ಕೆ ಇದೇ ಕಾರಣ.

ಹಂಚಿಕೊಂಡ ಡಾಕ್ಯುಮೆಂಟ್ ಲಿಂಕ್ ಒತ್ತಿದಾಗ ಅನುಮತಿ ಇಲ್ಲ ಎಂದು ಬರುವುದು ಸಹ ಇದರದೇ ಲಕ್ಷಣ: ಲಿಂಕ್ ಬಂದಿದ್ದು ಮಗಳ ವಿಳಾಸಕ್ಕೆ, ತೆರೆಯುತ್ತಿರುವುದು ಅಪ್ಪನ ಅಕೌಂಟಿನಲ್ಲಿ. ವೆಬ್ ಪುಟದಲ್ಲಿರುವ ಇಮೇಲ್ ವಿಳಾಸ ಒತ್ತಿದಾಗ ತೆರೆಯುವ ಹೊಸ ಮೇಲ್ ಕೂಡ ಸಾಮಾನ್ಯವಾಗಿ ಡೀಫಾಲ್ಟ್ ಅಕೌಂಟಿನದೇ.

ಲಾಗಿನ್ ಬೇರೆ ಮಾಡಿದ ಮನೆಯಲ್ಲಿ ಈ ತೊಂದರೆ ತಾನಾಗಿ ಹೋಗುತ್ತದೆ. ಲಾಗಿನ್ ಬೇರೆ ಮಾಡಲು ಆಗದಿದ್ದರೆ ಬ್ರೌಸರ್ ಪ್ರೊಫೈಲನ್ನಾದರೂ ಬೇರೆ ಮಾಡಿ. ಕ್ರೋಮ್‌ನಲ್ಲಿ, ಎಡ್ಜ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಹೊಸ ಪ್ರೊಫೈಲ್ ಸೇರಿಸಬಹುದು. ಪ್ರತಿ ಪ್ರೊಫೈಲ್‌ಗೆ ತನ್ನದೇ ಕುಕೀ, ಬುಕ್‌ಮಾರ್ಕ್, ಪಾಸ್‌ವರ್ಡ್ ಇರುತ್ತವೆ. ಗುರುತು ಸಿಗಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಡಿ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ: ಬ್ರೌಸರ್ ಪ್ರೊಫೈಲ್‌ಗೆ ಬೀಗವಿಲ್ಲ. ಅದೇ ವಿಂಡೋಸ್ ಲಾಗಿನ್ನಿನಲ್ಲಿ ಕೂತ ಯಾರಾದರೂ ಇನ್ನೊಬ್ಬರ ಪ್ರೊಫೈಲ್ ಒತ್ತಿ ಒಳಗೆ ಹೋಗಬಹುದು. ಅದು ಗೊಂದಲ ತಪ್ಪಿಸುತ್ತದೆ, ಖಾಸಗಿತನ ಕೊಡುವುದಿಲ್ಲ. ನೆಂಟರು ಒಂದು ದಿನದ ಮಟ್ಟಿಗೆ ಮೇಲ್ ನೋಡಬೇಕೆಂದರೆ ಗೆಸ್ಟ್ ವಿಂಡೋ ತೆರೆದುಕೊಡಿ. ಮುಚ್ಚಿದ ಕೂಡಲೇ ಅವರ ಕುಕೀ ಅಳಿಯುತ್ತದೆ.

ಮೇಲ್ ತಪ್ಪು ಹೆಸರಿನಲ್ಲಿ ಹೋಗುತ್ತಿದೆ

ಈ ದೋಷದಿಂದಲೇ ಹೆಚ್ಚು ಹಾನಿ. ಬಂದ ಮೇಲ್ ಬೆರೆತರೆ ಮನೆಯೊಳಗಿನ ಮಾತು. ಮಗಳ ಕೆಲಸದ ಅರ್ಜಿ ಅಪ್ಪನ ವಿಳಾಸದಿಂದ ಹೋದರೆ ಉತ್ತರವೂ ಅಪ್ಪನಿಗೇ ಬರುತ್ತದೆ, ಅವಳಿಗೆ ತಿಳಿಯುವುದೇ ಇಲ್ಲ.

ಮೇಲ್ ತರುವ ಸರ್ವರ್ ಬೇರೆ, ಕಳಿಸುವ ಸರ್ವರ್ ಬೇರೆ. ಒಂದೇ ಥಂಡರ್‌ಬರ್ಡ್‌ನಲ್ಲಿ ಎರಡನೇ ಅಕೌಂಟ್ ಸೇರಿಸಿದಾಗ, ತರುವ ಸರ್ವರ್ ಹೊಸದಾಗಿ ಸೇರಿದ್ದರೂ ಕಳಿಸುವುದಕ್ಕೆ ಮೊದಲಿನವರ ಎಸ್‌ಎಂಟಿಪಿ ಸರ್ವರೇ ಉಳಿದಿರಬಹುದು. ಆಗ ಮಗಳು ಬರೆದ ಮೇಲ್ ಅಪ್ಪನ ಪಾಸ್‌ವರ್ಡಿನ ಮೇಲೆ ಹೊರಡುತ್ತದೆ. ಮುಂದೇನಾಗುತ್ತದೆ ಎಂಬುದು ಸೇವೆಯಿಂದ ಸೇವೆಗೆ ಬದಲಾಗುತ್ತದೆ. ಜಿಮೇಲ್, ತನಗೆ ನೋಂದಾಯಿಸದ ವಿಳಾಸ 'ಫ್ರಮ್' ಸಾಲಿನಲ್ಲಿದ್ದರೆ, ಅದನ್ನು ತೆಗೆದು ಲಾಗಿನ್ ಆದವರ ವಿಳಾಸ ಹಾಕಿ ಕಳಿಸುತ್ತದೆ. ಬರೆಯುವ ಕಿಟಕಿಯಲ್ಲಿ ಮಗಳ ವಿಳಾಸ ಕಾಣುತ್ತಿರುತ್ತದೆ, ತಲುಪುವಾಗ ಅಪ್ಪನದಾಗಿರುತ್ತದೆ. ಬೇರೆ ಕೆಲವು ಸರ್ವರ್‌ಗಳು ಮೇಲನ್ನೇ ತಿರಸ್ಕರಿಸಿ 553 ಎಂಬ ಸಂಖ್ಯೆಯೊಂದಿಗೆ, ಈ ವಿಳಾಸ ನಿಮ್ಮದಲ್ಲ ಎಂಬರ್ಥದ ಸಂದೇಶ ಕೊಡುತ್ತವೆ. ತಿರಸ್ಕಾರವಾದರೆ ದೋಷ ಆಗಲೇ ಗೊತ್ತಾಗುತ್ತದೆ, ಅದು ಒಳ್ಳೆಯದೇ. ಸದ್ದಿಲ್ಲದೆ ವಿಳಾಸ ಬದಲಾಗಿ ಹೋದರೆ ಕಷ್ಟ.

ಪತ್ತೆ ಹಚ್ಚಲು, ಕಳಿಸಿದವರ ಕಡೆ ನೋಡುತ್ತ ಕೂರಬೇಡಿ. ಮಗಳ ಅಕೌಂಟಿನಿಂದ ಮನೆಯ ಮೂರನೆಯವರೊಬ್ಬರಿಗೆ ಮೇಲ್ ಕಳಿಸಿ, ತಲುಪಿದ ಮೇಲ್ ತೆರೆದು ಫ್ರಮ್ ಸಾಲಿನ ಪೂರ್ತಿ ವಿಳಾಸ ಓದಿ. ಹೆಸರು ನೋಡಿ ಸಮಾಧಾನಪಡಬೇಡಿ: ಹೆಸರನ್ನು ಆ್ಯಪ್‌ನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಅದರ ಪಕ್ಕದ ವಿಳಾಸವೇ ಮುಖ್ಯ.

ಸರಿಪಡಿಸಲು ಥಂಡರ್‌ಬರ್ಡ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎಡಗಡೆ ಮಗಳ ವಿಳಾಸವನ್ನು ಒತ್ತಿ. ಬಲಗಡೆಯ ಪುಟದ ಕೆಳಭಾಗದಲ್ಲಿ 'ಔಟ್‌ಗೋಯಿಂಗ್ ಸರ್ವರ್' ಎಂಬ ಪಟ್ಟಿಯಿದೆ. ಅಲ್ಲಿ ಅಪ್ಪನ ವಿಳಾಸವಿರುವ ಸಾಲು ಇದ್ದರೆ ದೋಷ ಸಿಕ್ಕಿತು. ಮಗಳ ಹೆಸರಿನ ಸಾಲು ಪಟ್ಟಿಯಲ್ಲಿದ್ದರೆ ಆರಿಸಿ. ಇಲ್ಲದಿದ್ದರೆ ಎಡಗಡೆ ಪಟ್ಟಿಯ ಕೊನೆಯಲ್ಲಿರುವ ಔಟ್‌ಗೋಯಿಂಗ್ ಸರ್ವರ್ ವಿಭಾಗಕ್ಕೆ ಹೋಗಿ ಹೊಸದನ್ನು ಸೇರಿಸಿ: ಸರ್ವರ್ ಹೆಸರು ಅದೇ ಇರಲಿ, ಯೂಸರ್‌ನೇಮ್ ಜಾಗದಲ್ಲಿ ಮಗಳ ಪೂರ್ತಿ ವಿಳಾಸ ಬರೆಯಿರಿ. ಪೋರ್ಟ್ (ಸರ್ವರ್‌ನ ದ್ವಾರದ ಸಂಖ್ಯೆ) 587 ಆದರೆ ಸಂಪರ್ಕದ ಭದ್ರತೆಗೆ ಸ್ಟಾರ್ಟ್‌ಟಿಎಲ್‌ಎಸ್, 465 ಆದರೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಮೇಲ್ ಹೋಗುವುದಿಲ್ಲ: ಸುತ್ತುತ್ತ ನಿಂತು ಟೈಮ್‌ಔಟ್ ಎನ್ನಬಹುದು, ಅಥವಾ ಕೂಡಲೇ ದೋಷದ ಸಂದೇಶ ಬರಬಹುದು.

ಹಳೆಯ ಔಟ್‌ಲುಕ್‌ನಲ್ಲಿ ಕಾರಣ ಬೇರೆಯಿರಬಹುದು. ಫೈಲ್, ಆಪ್ಶನ್ಸ್, ಮೇಲ್ ಪುಟದಲ್ಲಿ, ಹೊಸ ಮೇಲ್ ಬರೆಯುವಾಗ ಯಾವಾಗಲೂ ಡೀಫಾಲ್ಟ್ ಅಕೌಂಟನ್ನೇ ಬಳಸು ಎಂಬ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ. ಔಟ್‌ಲುಕ್‌ನಲ್ಲೂ ಪ್ರೊಫೈಲ್‌ಗಳಿವೆ: ಕಂಟ್ರೋಲ್ ಪ್ಯಾನೆಲ್‌ನ 'ಮೇಲ್' ತೆರೆದು 'ಶೋ ಪ್ರೊಫೈಲ್ಸ್' ಒತ್ತಿ, ಒಬ್ಬೊಬ್ಬರಿಗೆ ಒಂದೊಂದು ಮಾಡಿ, ಪ್ರತಿ ಸಲ ಯಾವ ಪ್ರೊಫೈಲ್ ಎಂದು ಕೇಳುವ ಆಯ್ಕೆ ಇಟ್ಟರೆ ತೆರೆಯುವಾಗಲೇ ಹೆಸರು ಕೇಳುತ್ತದೆ. ಬ್ರೌಸರ್ ಪ್ರೊಫೈಲಿಗೆ ಹೇಳಿದ ಎಚ್ಚರಿಕೆ ಇದಕ್ಕೂ ಸಲ್ಲುತ್ತದೆ.

ಮೇಲ್‌ಗಳು ಕಾಣೆಯಾಗಿವೆ

ಗಂಡ ಹೆಂಡತಿ ಇಬ್ಬರೂ ಒಂದು ಹಂಚಿಕೆಯ ವಿಳಾಸವನ್ನು ತಮ್ಮ ತಮ್ಮ ಲಾಗಿನ್ನಿನಲ್ಲಿ ಪಾಪ್ ಆಗಿ ಸೇರಿಸಿದ್ದರೆ, ಮೊದಲು ಆ್ಯಪ್ ತೆರೆದವರಿಗೆ ಮೇಲ್ ಸಿಗುತ್ತದೆ, ಎರಡನೆಯವರಿಗೆ ಖಾಲಿ. ಅಂಚೆ ಕಚೇರಿಯ ಪೆಟ್ಟಿಗೆಯಿಂದ ಒಬ್ಬರು ಕಾಗದ ಮನೆಗೆ ಒಯ್ದಂತೆ ಇದು. ಕಾಗದ ಕಳೆದಿಲ್ಲ, ಒಯ್ದವರ ಬಳಿ ಇದೆ. ಆದ್ದರಿಂದ ಮೊದಲು ಮನೆಯ ಉಳಿದವರ ಲಾಗಿನ್ನಿನಲ್ಲಿ ನೋಡಿ. ಆಮೇಲೆ ಪಾಪ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್‌ನಲ್ಲಿ ಮೇಲ್ ಉಳಿಸು ಎಂಬುದಕ್ಕೆ ಟಿಕ್ ಹಾಕಿ. ಜಿಮೇಲ್‌ನಲ್ಲಿ ಸರ್ವರ್ ಕಡೆಯಲ್ಲೂ, ಪಾಪ್ ಮೂಲಕ ಇಳಿಸಿದ ಮೇಲ್ ಏನಾಗಬೇಕು ಎಂಬ ಪ್ರತ್ಯೇಕ ಆಯ್ಕೆಯಿದೆ. ಅಲ್ಲಿ ಡಿಲೀಟ್ ಎಂದಿರದಂತೆ ನೋಡಿಕೊಳ್ಳಿ. ಇಷ್ಟೆಲ್ಲ ಮಾಡುವುದಕ್ಕಿಂತ ಐಮ್ಯಾಪ್‌ಗೆ ಬದಲಾಗುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಪೋರ್ಟ್ 995 ಪಾಪ್‌ನದು, 993 ಐಮ್ಯಾಪ್‌ನದು. ಹಳೆಯ ಅಕೌಂಟಿನ ಬಗೆಯನ್ನೇ ಬದಲಿಸಲು ಆಗುವುದಿಲ್ಲ. ಅದೇ ವಿಳಾಸವನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸಿ, ಹಳೆಯ ಮೇಲ್‌ಗಳನ್ನು ಅದರೊಳಕ್ಕೆ ಎಳೆದು ಹಾಕಿ, ಬ್ರೌಸರ್‌ನಲ್ಲಿ ಅವು ಕಾಣುತ್ತಿವೆ ಎಂದು ನೋಡಿಯೇ ಪಾಪ್ ಅಕೌಂಟ್ ತೆಗೆಯಿರಿ.

ಮೇಲ್ ಮಾತ್ರವಲ್ಲ, ಡೆಸ್ಕ್‌ಟಾಪ್ ಮೇಲಿನ ಫೈಲ್‌ಗಳು, ಚಿತ್ರ ಎಲ್ಲವೂ ಮಾಯವಾಗಿ ಹೊಸ ಕಂಪ್ಯೂಟರಿನಂತೆ ಕಂಡರೆ ಹೆದರಬೇಡಿ. ವಿಂಡೋಸ್ ನಿಮ್ಮ ಪ್ರೊಫೈಲ್ ತೆರೆಯಲಾಗದೆ ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಒಳಗೆ ಬಿಟ್ಟಿರಬಹುದು. ಯೂಸರ್ಸ್ ಫೋಲ್ಡರ್‌ನಲ್ಲಿ ಟೆಂಪ್ ಎಂಬ ಹೆಸರಿನ ಫೋಲ್ಡರ್ ಕಂಡರೆ ಇದೇ ಕಾರಣ. ಆಗ ಅಲ್ಲಿ ಏನನ್ನೂ ಬರೆಯಬೇಡಿ, ಉಳಿಸಬೇಡಿ. ಸೈನ್ ಔಟ್ ಆದೊಡನೆ ಅದು ಅಳಿಯುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಹೊಸ ಲಾಗಿನ್ ಮಾಡಿ, ಯೂಸರ್ಸ್ ಒಳಗೆ ಹಾಗೇ ಇರುವ ನಿಮ್ಮ ಹಳೆಯ ಹೆಸರಿನ ಫೋಲ್ಡರಿನಿಂದ ಮೇಲ್ ಪ್ರೊಫೈಲ್ ಮತ್ತು ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಿ.

ವಿಂಡೋಸ್‌ನೊಂದಿಗೆ ಬರುತ್ತಿದ್ದ 'ಮೇಲ್' ಆ್ಯಪ್ ಬಳಸುತ್ತಿದ್ದವರಿಗೆ ಹೊಸ ಮೇಲ್ ಬರುವುದೇ ನಿಂತಿದ್ದರೆ, 2024ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಮುಗಿದಿದೆ. ಬೇರೆ ಆ್ಯಪ್‌ಗೆ ಹೋಗಲೇಬೇಕು.

ಪಾಸ್‌ವರ್ಡ್ ಸರಿಯಿದ್ದೂ ತಪ್ಪು ಎನ್ನುತ್ತಿದೆ

ಬ್ರೌಸರ್‌ನಲ್ಲಿ ಒಪ್ಪುತ್ತದೆ, ಮೇಲ್ ಆ್ಯಪ್‌ನಲ್ಲಿ ಒಪ್ಪುವುದಿಲ್ಲ, 535 ಎಂಬ ಸಂಖ್ಯೆ ಬರುತ್ತದೆ ಎಂದಾದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಬರೀ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಒಳಬರುವ ಆ್ಯಪ್‌ಗಳನ್ನು ಗೂಗಲ್ ವೈಯಕ್ತಿಕ ಅಕೌಂಟ್‌ಗಳಲ್ಲಿ 2022ರ ಮೇ 30ರಿಂದ ಬಿಟ್ಟುಕೊಳ್ಳುತ್ತಿಲ್ಲ. ಔಟ್‌ಲುಕ್ ಡಾಟ್ ಕಾಮ್ 2024ರ ಸೆಪ್ಟೆಂಬರ್ 16ರಿಂದ ಅದೇ ದಾರಿ ಹಿಡಿಯಿತು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ದೃಢೀಕರಣ ವಿಧಾನವನ್ನು 'ಓಆತ್2' ಎಂದು ಬದಲಿಸಿ. ಇದರಲ್ಲಿ ಮೇಲ್ ಸೇವೆಯದೇ ಕಿಟಕಿ ತೆರೆದು, ಅಲ್ಲಿ ಲಾಗಿನ್ ಆಗಿ ಆ್ಯಪ್‌ಗೆ ಅನುಮತಿ ಕೊಡುತ್ತೀರಿ. ತರುವ ಸರ್ವರ್, ಕಳಿಸುವ ಸರ್ವರ್ ಎರಡರಲ್ಲೂ. ಒಂದರಲ್ಲಿ ಮಾತ್ರ ಬದಲಿಸಿದರೆ ಮೇಲ್ ಬರುತ್ತದೆ, ಹೋಗುವುದಿಲ್ಲ. ಓಆತ್2 ಗೊತ್ತಿಲ್ಲದ ಹಳೆಯ ಆ್ಯಪ್ ಆದರೆ, ಗೂಗಲ್ ಅಕೌಂಟಿನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಹಾಕಬಹುದು.

ಒಂದೇ ಥಂಡರ್‌ಬರ್ಡ್‌ನಲ್ಲಿ ಇಬ್ಬರ ಅಕೌಂಟ್ ಇದ್ದಾಗ ಓಆತ್2 ಕಿಟಕಿ ತೆರೆದರೆ, ಅದರಲ್ಲಿ ಯಾರ ವಿಳಾಸ ಕಾಣುತ್ತಿದೆ ಎಂದು ಮೊದಲು ನೋಡಿ. ಅಮ್ಮನ ಅಕೌಂಟ್ ಸೇರಿಸುವಾಗ ಮಗನ ವಿಳಾಸಕ್ಕೆ ಅನುಮತಿ ಒತ್ತಿಬಿಟ್ಟರೆ, ಎಲ್ಲ ಸರಿಯಾಯಿತು ಎಂದುಕೊಂಡ ಮೇಲೂ ಲಾಗಿನ್ ವಿಫಲವಾಗುತ್ತಲೇ ಇರುತ್ತದೆ.

ಕಂಪ್ಯೂಟರಿನ ದಿನಾಂಕ, ಸಮಯವನ್ನೂ ಒಮ್ಮೆ ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ವರ್ಷಗಟ್ಟಲೆ ಹಿಂದಿನ ದಿನಾಂಕ ತೋರಿಸುತ್ತದೆ. ಆಗ ಸರ್ವರ್‌ನ ಸುರಕ್ಷಾ ಪ್ರಮಾಣಪತ್ರವೇ ಸರಿಯಿಲ್ಲ ಎಂಬ ಎಚ್ಚರಿಕೆ ಬರುತ್ತದೆ.

ಆ್ಯಪ್ ಆಗಲೇ ತೆರೆದಿದೆ ಎನ್ನುತ್ತಿದೆ

ಅಣ್ಣ ತನ್ನ ಲಾಗಿನ್ ಹಾಗೇ ಬಿಟ್ಟು ಎದ್ದಿದ್ದಾನೆ, ತಂಗಿ 'ಸ್ವಿಚ್ ಯೂಸರ್' ಮಾಡಿ ಬಂದಿದ್ದಾಳೆ, ಥಂಡರ್‌ಬರ್ಡ್ ಆಗಲೇ ನಡೆಯುತ್ತಿದೆ ಎಂದು ಹೇಳಿ ನಿಲ್ಲುತ್ತದೆ. ಪ್ರತ್ಯೇಕ ಪ್ರೊಫೈಲ್ ಇದ್ದರೆ ಹೀಗಾಗಬಾರದು. ಆಗುತ್ತಿದೆ ಎಂದರೆ ಇಬ್ಬರ ಥಂಡರ್‌ಬರ್ಡೂ ಡಿ ಡ್ರೈವ್‌ನಂಥ ಸಾಮಾನ್ಯ ಜಾಗದಲ್ಲಿರುವ ಒಂದೇ ಪ್ರೊಫೈಲ್ ತೆರೆಯುತ್ತಿವೆ. ಅಣ್ಣ ಸೈನ್ ಔಟ್ ಆದರೆ ಸದ್ಯಕ್ಕೆ ಕೆಲಸ ಸಾಗುತ್ತದೆ, ಪ್ರೊಫೈಲ್ ಬೇರೆ ಮಾಡಿದರೆ ಶಾಶ್ವತವಾಗಿ.

ಒಬ್ಬರ ವಿಳಾಸ ಇಡೀ ಲಾಗಿನ್ನಿಗೆ ಹರಡಿದೆ

ಅಪ್ಪನ ಲಾಗಿನ್ನಿನಲ್ಲಿ ಮಗಳ ಮೈಕ್ರೋಸಾಫ್ಟ್ ಮೇಲ್ ಸೇರಿಸಿದ ಮೇಲೆ ಸ್ಟೋರ್‌ನಲ್ಲಿ, ಬೇರೆ ಮೈಕ್ರೋಸಾಫ್ಟ್ ಆ್ಯಪ್‌ಗಳಲ್ಲಿ ಅವಳ ಹೆಸರೂ ಬರತೊಡಗಿದರೆ, ಸೇರಿಸುವಾಗ ಈ ಅಕೌಂಟನ್ನು ಎಲ್ಲ ಕಡೆ ಬಳಸಲು ಒಪ್ಪಿಗೆ ಕೊಟ್ಟಿರುತ್ತೀರಿ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ 'ಇಮೇಲ್ ಅಂಡ್ ಅಕೌಂಟ್ಸ್' ತೆರೆದು ಅಲ್ಲಿಂದ ಅದನ್ನು ತೆಗೆಯಿರಿ. ಮತ್ತೆ ಸೇರಿಸುವಾಗ ಈ ಆ್ಯಪ್‌ಗೆ ಮಾತ್ರ ಎಂಬ ಆಯ್ಕೆ ಒತ್ತಿ.

ಬೀಗ ಮತ್ತು ಬೀಗದ ಕೈ

ಮನೆಯವರ ನಡುವೆ ಗುಟ್ಟೇನು ಎಂದು ಕೆಲವರು ಈ ಭಾಗವನ್ನು ಬಿಡುತ್ತಾರೆ. ಬಿಡಬಾರದು. ಹದಿಹರೆಯದ ಮಗುವಿಗೆ, ವಯಸ್ಸಾದ ಅತ್ತೆಗೆ, ಹೆಂಡತಿಗೆ, ಗಂಡನಿಗೆ, ಎಲ್ಲರಿಗೂ ತಮ್ಮ ಕಾಗದವನ್ನು ತಾವೇ ಮೊದಲು ಓದುವ ಹಕ್ಕಿದೆ.

ಅಡ್ಮಿನಿಸ್ಟ್ರೇಟರ್ ಲಾಗಿನ್ ಇರುವವರು ಇತರರ ಫೋಲ್ಡರ್ ತೆರೆಯಬಹುದು ಎಂಬುದು ಎಲ್ಲರಿಗೂ ಗೊತ್ತಿರಲಿ. ಅನುಮತಿ ಇಲ್ಲ ಎಂಬ ಕಿಟಕಿ ಬಂದರೂ 'ಕಂಟಿನ್ಯೂ' ಒತ್ತಿದರೆ ಅದು ಬಿಟ್ಟುಕೊಡುತ್ತದೆ. ಆ ಲಾಗಿನ್ ಯಾರ ಬಳಿ ಇರಬೇಕು ಎಂಬುದನ್ನು ಮನೆಯಲ್ಲಿ ಮಾತಾಡಿ ಒಪ್ಪಿಕೊಳ್ಳಿ. ಥಂಡರ್‌ಬರ್ಡ್‌ನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಇಟ್ಟರೆ ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆ ಬೀಗ ಬೀಳುತ್ತದೆ, ಆದರೆ ಆಗಲೇ ಇಳಿದ ಮೇಲ್‌ಗಳಿಗೆ ಬೀಳುವುದಿಲ್ಲ. ಎದ್ದು ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತುವ ಅಭ್ಯಾಸ ಮಾಡಿಸಿ.

ರಿಕವರಿ ಫೋನ್ ನಂಬರ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಎಲ್ಲರ ಅಕೌಂಟಿಗೂ ಅಪ್ಪನ ನಂಬರೇ ಕೊಟ್ಟಿದ್ದರೆ, ಮಗಳು ಹಾಸ್ಟೆಲ್‌ನಲ್ಲಿ ಕೂತು ಲಾಗಿನ್ ಆಗುವಾಗ ಓಟಿಪಿ ಅಪ್ಪನ ಫೋನಿಗೆ ಬರುತ್ತದೆ. ಅವರು ಫೋನ್ ಎತ್ತದಿದ್ದರೆ ಅವಳು ತನ್ನದೇ ಮೇಲ್‌ನಿಂದ ಹೊರಗೆ. ಆ ನಂಬರ್ ನಿಂತುಹೋದರೆ ಎಲ್ಲರ ಅಕೌಂಟೂ ಒಟ್ಟಿಗೇ ತೊಂದರೆಗೆ ಸಿಲುಕುತ್ತವೆ. ಸ್ವಂತ ಫೋನ್ ಇರುವವರಿಗೆ ಅವರವರ ನಂಬರ್ ಹಾಕಿಸಿ. ಇಲ್ಲದವರಿಗೆ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ಮಾಡಿ ಅವರ ಕೈಗೇ ಕೊಡಿ.

ಸರಿಯಾಯಿತೇ ಎಂದು ನೋಡುವುದು

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಪ್ರತಿಯೊಬ್ಬರೂ ತಮ್ಮ ಲಾಗಿನ್ನಿನಿಂದ ಮನೆಯ ಉಳಿದ ಎಲ್ಲರಿಗೂ ಒಂದೊಂದು ಮೇಲ್ ಕಳಿಸಲಿ. ವಿಷಯದ ಸಾಲಿನಲ್ಲಿ ಕಳಿಸಿದವರ ಹೆಸರಿರಲಿ. ತಲುಪಿದವರು ಫ್ರಮ್ ವಿಳಾಸ ಓದಿ, ಅದಕ್ಕೆ ಉತ್ತರಿಸಲಿ. ಉತ್ತರ ಸರಿಯಾದವರಿಗೇ ಬಂತೇ, ಕಳಿಸಿದ ಮೇಲ್ ಕಳಿಸಿದವರ 'ಸೆಂಟ್' ಫೋಲ್ಡರ್‌ನಲ್ಲೇ ಇದೆಯೇ ನೋಡಿ. ಸೆಂಟ್ ಫೋಲ್ಡರ್ ಖಾಲಿಯಿದ್ದರೆ, ಥಂಡರ್‌ಬರ್ಡ್‌ನ 'ಕಾಪೀಸ್ ಅಂಡ್ ಫೋಲ್ಡರ್ಸ್' ಪುಟದಲ್ಲಿ ಕಳಿಸಿದ ಮೇಲ್‌ನ ನಕಲು ಇನ್ನೊಬ್ಬರ ಅಕೌಂಟಿಗೆ ಹೋಗುವಂತಿರಬಹುದು, ಅಲ್ಲೇ ಬದಲಿಸಿ. ಕೊನೆಗೆ ಜಿಮೇಲ್ ಬಳಸುವವರು ಇನ್‌ಬಾಕ್ಸ್ ಪುಟದ ಕೆಳಗೆ ಬಲಮೂಲೆಯಲ್ಲಿರುವ 'ಡೀಟೇಲ್ಸ್' ಒತ್ತಿ, ತಮ್ಮ ಅಕೌಂಟ್ ಇನ್ನೂ ಎಲ್ಲೆಲ್ಲಿ ತೆರೆದಿದೆ ಎಂದು ನೋಡಿ, ಬೇಡದ ಕಡೆ ತೆರೆದಿದ್ದರೆ ಅಲ್ಲಿಂದಲೇ ಉಳಿದ ಎಲ್ಲ ಕಡೆ ಒಟ್ಟಿಗೇ ಸೈನ್ ಔಟ್ ಆಗಲಿ.